ಬಲಗಡೆ ಕೆಳಮೂಲೆ

ಗೋಣಿಕೊಪ್ಪಕ್ಕೆ ಮೊದಲ ಫ್ಲೆಕ್ಸ್ ಮಿಷನ್ ತಂದವನು ನಾನೇ.
ಅದನ್ನು ಮೊದಲು ಹೇಳಿಬಿಡುತ್ತೇನೆ.
ಹೊಸ ಬೋರ್ಡು ಕಟ್ಟುವಾಗ ಹಳೆಯ ತಗಡು ಇಳಿಸಿಕೊಡುವುದು
ನಮ್ಮ ರೇಟಿನಲ್ಲೇ ಸೇರಿತ್ತು.

ಇಳಿಸಿದವು ಗುಜರಿಗೆ ಹೋದವು.
ಒಂದು ಮಾತ್ರ ಪೊನ್ನಂಪೇಟೆ ದಾರಿಯ ಹಂದಿಗೂಡಿಗೆ ಮಾಡಾಯಿತು.
ಬೇಕರಿಯಲ್ಲಿ ಕರಿ ಮಾಸಿ ‘ಬೇ’ ಉಳಿದು
ಕೆಳಗೆ ಹಂದಿ, ಮೇಲೆ ಕುರಿಯ ಕೂಗು,
ಹದಿನೈದು ಮಳೆಗಾಲ.

ಬರೆದವನು ಪೇಂಟರ್ ಕಾಕ.
ಅದು ಹೆಸರಲ್ಲ, ಆದರೂ ಸಾಕಾಗಿತ್ತು ಊರಿಗೆ.
ಅವನ ಅಕ್ಷರಗಳಿಗೆ ಹೊಟ್ಟೆ ಇತ್ತು.
ಬ ಅಂದರೆ ಉಂಡು ಬೆಲ್ಟು ಸಡಿಲಿಸಿದವ;
ತಲೆಕಟ್ಟು ನೆಟ್ಟಗೆ ಕೂರದೆ ಒಂದು ಬದಿಗೆ ಜಾರಿ
ವಾಲಗಕ್ಕೆ ಕುಣಿದು ದಣಿದವನ ಮಂಡೆತುಣಿ;
ಒತ್ತಕ್ಷರ, ಬಸ್ಸಿನ ಹಿಂದೆ ಏಣಿ ಹಿಡಿದು ನೇತಾಡುವ ಹುಡುಗ.
ಬ್ರಾಂಡಿ ಶಾಪಿನ ದೀರ್ಘವಂತೂ
ಹಾಕಿ ಕೋಲಿನಂತೆ ತುದಿ ಬಾಗಿಸಿ
ಮುಂದಿನ ಸೊನ್ನೆಗೆ ಗುರಿಯಿಟ್ಟು ನಿಂತಿತ್ತು,
ಇಪ್ಪತ್ತು ವರ್ಷ ಹೊಡೆಯದೆ.

ಕೆಂಪಿಗೆ ಹಳದಿ ನೆರಳು, ನೆರಳಿಗೆ ಕಪ್ಪು ನೆರಳು,
ನೆತ್ತಿಯ ಮೇಲೊಂದು ಬಿಳಿ ಗೀಟು,
ಎಣ್ಣೆ ಹಚ್ಚಿ ಬಾಚಿದ ಹಾಗೆ.

ಹೋದ ವರ್ಷ ದೇಚಮ್ಮ ಬಂದಳು,
ನೆಲ್ಲಿಕಾಯಿ ವೈನಿಗೆ ಲೇಬಲ್ ಬೇಕು,
ಹಳೇ ಕಾಲದ್ದು, ಸ್ವಲ್ಪ ತಮಾಷೆಯದು.
ಕಂಪ್ಯೂಟರಿನಲ್ಲಿದ್ದ ಫಾಂಟುಗಳನ್ನೆಲ್ಲ ತೋರಿಸಿದೆ.
‘ಇವೆಲ್ಲ ತಾಲ್ಲೂಕು ಕಚೇರಿಯ ನೋಟೀಸು, ಅಣ್ಣ.
ಕುಡಿಯುವವರು ಹೆದರುತ್ತಾರೆ.’

ಅಂದು ಸಂಜೆಯೇ ಹಂದಿಗೂಡಿಗೆ ಹೋದೆ.

ಆಮೇಲೆ ಒಂದೊಂದೇ ಅಕ್ಷರ ವಸೂಲಿ:
ಸಿದ್ದಾಪುರದ ಟೈಲರ್ ಅಂಗಡಿಯಿಂದ ಟ,
ನಾಪೋಕ್ಲಿನ ಛತ್ರಿ ರಿಪೇರಿಯಿಂದ ಛ,
ಘ ಯಾವುದೋ ಸಂಘದ್ದು, ಸಂಘ ಒಡೆದುಹೋಗಿತ್ತು,
ಝೀನತ್ ಸ್ಟೋರಿನ ಬಾಗಿಲ ಹಿಂದೆ ಝ.
ಮೊಬೈಲಿನಲ್ಲಿ ಹಿಡಿದು, ಮೌಸಿನಲ್ಲಿ ಅಂಚು ಸವರಿ
ರಾತ್ರಿ ಹನ್ನೆರಡಕ್ಕೆ ಮಲಗುತ್ತಿದ್ದೆ.
ಹೆಂಡತಿ ಕೇಳಿದಳು, ‘ಇದಕ್ಕೆ ದುಡ್ಡು ಕೊಡುವವರು ಯಾರು?’

ಫಾಂಟು ಚೆನ್ನಾಗಿಯೇ ಬಂತು.
ಜಾಮಿನ ಬಾಟಲಿಗೆ ಹೊಂದುತ್ತದೆ, ಜೀಪಿನ ಬೆನ್ನಿಗೆ ಹೊಂದುತ್ತದೆ,
ಹಾಕಿ ಪಂದ್ಯದ ಬ್ಯಾನರಿಗಂತೂ ಹೇಳುವುದೇ ಬೇಡ.
ಚಿಕ್ಕದು ಮಾಡಿದರೆ ಉಸಿರು ಕಟ್ಟುತ್ತದೆ,
ಎರಡು ಸಾಲು ದಾಟಿದರೆ ಓದುವವನಿಗೂ.
ಮಾದದ ಕಾರ್ಡಿಗೆ ಒಮ್ಮೆ ಇಟ್ಟು ನೋಡಿದೆ:
ಸತ್ತವರು ಕಪ್ ಗೆದ್ದ ಹಾಗಿತ್ತು.
ಅಳಿಸಿದೆ.

ಉಳಿದದ್ದು ಙ, ಞ.
ಅವನ್ನಿಟ್ಟುಕೊಂಡು ಯಾವ ಅಂಗಡಿ ನಡೆಯುತ್ತದೆ?
ಶಾಲೆಯಲ್ಲೂ ಸಾಲಿನ ಕೊನೆಯಲ್ಲಿ ಕೂತು
ಮೂಗಿನಲ್ಲಿ ಏನೋ ಅಂದು ಎದ್ದುಹೋದವರು.
ಜ್ಞಾನೋದಯ ಟ್ಯುಟೋರಿಯಲ್ಲಿನಲ್ಲಿ ಞದ ಒತ್ತು ಸಿಕ್ಕಿತು,
ಬಾಲ ಮಾತ್ರ, ತಲೆ ಇಲ್ಲ.

ಬೇಕರಿ ತಗಡನ್ನು ಸೀಮೆಎಣ್ಣೆ ಹಾಕಿ ಉಜ್ಜುತ್ತಿದ್ದೆ.
ಬಲಗಡೆ ಕೆಳಮೂಲೆ ಒಳಕ್ಕೆ ಮಡಚಿತ್ತು,
ಸುತ್ತಿಗೆಯಲ್ಲಿ ತಟ್ಟಿ ಬಿಡಿಸಿದೆ.
ಮಳೆ ತಾಗದ ಬಿಳಿ ಬಣ್ಣದಲ್ಲಿ, ಉಗುರಿನಷ್ಟು:
ಕುಂಞಬ್ದುಲ್ಲ, ೮೧.

ನಲವತ್ತೋ ಐವತ್ತೋ ಬೋರ್ಡು ಇಳಿಸಿದ ಕೈ ಇದು,
ಒಂದರ ಮೂಲೆಯನ್ನೂ ಓದಿರಲಿಲ್ಲ.

ಹಿಗ್ಗಿಸಿ ನೋಡಿದರೆ ಆ ಞಕ್ಕೆ ಹೊಟ್ಟೆಯಿಲ್ಲ, ನೆರಳಿಲ್ಲ.
ಕೆಲಸ ಮುಗಿದ ಮೇಲೆ, ಕುಂಚದಲ್ಲಿ ಉಳಿದದ್ದರಲ್ಲಿ,
ಕೊನೆಯ ಬಸ್ಸು ಹೊರಟೀತೆಂದು ಬರೆದ ಬರವಣಿಗೆ.
ದಪ್ಪ ಮಾಡಲು ಹೋದೆ, ಆಗಲಿಲ್ಲ.
ಹೊಟ್ಟೆ ತುಂಬಿದ ನಲವತ್ತೆಂಟರ ನಡುವೆ
ಅದನ್ನು ಹಾಗೆಯೇ ಕೂರಿಸಿದೆ.
ಙ ನಾನೇ ಬರೆದದ್ದು. ನೋಡಿದರೆ ಗೊತ್ತಾಗುತ್ತದೆ.

ಮೊನ್ನೆ ಕಲ್ಲುಬಾಣೆಯಿಂದ ಒಬ್ಬರು ಬಂದರು,
ಕುಂಞಾಮು ಹೋಟೆಲ್, ಹತ್ತಡಿ ನಾಲ್ಕಡಿ.
ತೆರೆ ನೋಡಿ ಬೆರಳಿಟ್ಟರು: ‘ಇದೊಂದು ಯಾಕೆ ಸೊರಗಿದೆ?’
ಡಿಸೈನ್ ಎಂದೆ.
ಒಪ್ಪಲಿಲ್ಲ. ‘ಹೋಟೆಲ್ ಬೋರ್ಡು ಮಾರಾಯರೆ,
ಹಸಿದ ಅಕ್ಷರ ಆಗುವುದಿಲ್ಲ.’
ದಪ್ಪ ಮಾಡಿಕೊಟ್ಟೆ, ಆ ಬೋರ್ಡಿಗೆ ಮಾತ್ರ.

ಅದರ ಬಲಗಡೆ ಕೆಳಮೂಲೆಯಲ್ಲಿ
ಎಂದಿನಂತೆ ನನ್ನ ಫೋನ್ ನಂಬರು.